ಐದು ಬಿಟ್ಟು ಆರಕ್ಕೆ ಹಾಕಲೇ?

ಪ್ರಶ್ನೆ: ನನ್ನ ಮಗಳು ಇಲ್ಲೇ ಊರ ಸಾಲಿಯೊಳಗ ನಾಲ್ಕನೇತ್ತೆ ಓದ್ತಾಳ. ಗಣಿತದಾಗ ಭಾಳ ಮುಂದ ಅದಾಳ. ಅವಳ ಅಣ್ಣ ಐದನೇತ್ತೆ. ಅವನ ಗಣಿತ ಪುಸ್ತಕ ತಗೊಂಡು ಲೆಕ್ಕ ಎಲ್ಲಾ ಬಿಡಿಸಿ ಮುಗಿಸ್ಯಾಳ. ಸಾಲಿಯಾಗ ಸುಮ್ಮನ ಕೂಡೂದಾಗ್ತದ ಅಂತ ಬ್ಯಾಸರ ಮಾಡ್ಕೋತಾಳ. ಬರೂ ಜೂನಿಗೆ ಲಕ್ಷ್ಮೇಶ್ವರದಾಗ ಒಂದು ಖಾಸಗಿ ಸಾಲಿಗೆ ಸೇರಿಸಿ ನೇರ ಆರನೇತ್ತೆಗೆ ಹಾಕೂಣು, ಒಂದು ವರ್ಷ ಉಳೀತದ ಅಂತ ಅವರ ಕಾಕಾ ಹೇಳ್ತಾರ. ಹಾಕಬಹುದೇನ್ರಿ?
– ಓದುಗ ತಾಯಿ, ಬಾಳೆಹೊಸೂರ

ಉತ್ತರ: ಹಾಕಬೇಡಿ. ಆದರೆ ಈಗಿನ ಹಾಗೆ ಸುಮ್ಮನೆ ಕೂಡಲೂ ಬಿಡಬೇಡಿ. ಮಗಳು ತನ್ನ ತರಗತಿಯಲ್ಲೇ ಇರಲಿ, ಅವಳ ಗಣಿತ ಮಾತ್ರ ಮುಂದೆ ಹೋಗಲಿ.

ಅವಳ ಬೇಸರ ಸುಳ್ಳಲ್ಲ. ಸರ್ಕಾರಿ ಕನ್ನಡ ಶಾಲೆಯ ಮಕ್ಕಳು ಒಂದರಿಂದ ಮೂರರವರೆಗೆ ಕಲಿಯುವುದು ನಲಿ-ಕಲಿ ಪದ್ಧತಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಕಟ್ಟಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅದರಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ನೆಲದ ಮೇಲೆ ಗುಂಪು ತೋರಿಸುವ ತಟ್ಟೆಗಳು. ಒಂದು ಮೈಲಿಗಲ್ಲು ದಾಟಿದ ಮಗು ಉಳಿದವರಿಗಾಗಿ ಕಾಯದೆ ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಹೀಗೆ ಮೂರು ವರ್ಷ ತನ್ನ ವೇಗದಲ್ಲಿ ಏಣಿ ಹತ್ತಿದ ಹುಡುಗಿಗೆ ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಮುಂದೆ ಹೋಗಲು ಅವಳಿಗಿದ್ದ ಅನುಮತಿ ಅಲ್ಲಿಗೆ ಮುಗಿಯುತ್ತದೆ. ಅವಳಿಗೆ ಮತ್ತೆ ಬೇಕಾಗಿರುವುದು ಆ ಅನುಮತಿ. ತರಗತಿ ಜಿಗಿದರೆ ಅದು ಸಿಗುವುದಿಲ್ಲ. ಆರನೇ ತರಗತಿಯಲ್ಲೂ ಎಲ್ಲರಿಗೂ ಒಂದೇ ಪುಟವೇ. ಮೊದಲ ಮೂರು ತಿಂಗಳು ಹೊಸತೆನಿಸಿದ್ದು ನಾಲ್ಕನೆಯ ತಿಂಗಳಿಗೆ ಹಳತಾಗುತ್ತದೆ.

ಮೊದಲು ಅವಳು ನಿಜವಾಗಿ ಎಷ್ಟು ಮುಂದಿದ್ದಾಳೆ ಎಂದು ನೋಡಿ. ಅಣ್ಣನ ಪುಸ್ತಕದ ಲೆಕ್ಕ ಮುಗಿಸಿದ್ದಾಳೆ ಎಂಬುದಷ್ಟೇ ಸಾಲದು, ಮಾದರಿ ಲೆಕ್ಕ ನೋಡಿ ಉಳಿದವನ್ನು ಅದೇ ಅಚ್ಚಿನಲ್ಲಿ ಹೊಯ್ಯುವ ಮಕ್ಕಳೂ ಇದ್ದಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿ. ಎಕರೆಗೆ 40 ಗುಂಟೆ. ಮುಕ್ಕಾಲು ಎಕರೆ ಹೊಲದ ಮೂರನೆಯ ಒಂದು ಪಾಲಿಗೆ ಮೆಣಸಿನಕಾಯಿ ಹಾಕಿದರೆ ಎಷ್ಟು ಗುಂಟೆ? 10 ಎಂದು ಹೇಳಿದರೆ ಅಲ್ಲಿಗೇ ಬಿಡಬೇಡಿ. ‘ಉತ್ತರ 10 ಗುಂಟೆಯೇ ಬರಬೇಕು, ಆದರೆ ಮುಕ್ಕಾಲು ಎಕರೆ ಬರಬಾರದು, ಅಂಥ ಇನ್ನೊಂದು ಲೆಕ್ಕ ನೀನೇ ಕಟ್ಟು’ ಎನ್ನಿ. ಆಮೇಲೆ, ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿದರೆ ಐದರಲ್ಲಿ ಎರಡು ಎಂದು ಯಾರೋ ಬರೆದಿದ್ದಾರೆ, ಸರಿಯೇ ಎಂದು ಕೇಳಿ. ಐದರಲ್ಲಿ ಎರಡು ಅರ್ಧಕ್ಕಿಂತ ಕಡಿಮೆ, ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅದು ಕಡಿಮೆಯಾಗುವುದು ಹೇಗೆ ಎಂದು ಅವಳು ವಾದ ಮಾಡಿದರೆ ಮುಂದಿದ್ದಾಳೆ ಎಂದೇ ಅರ್ಥ. ಲಸಾಅ ತೆಗೆದು ಉತ್ತರವಷ್ಟೇ ಹೇಳಿ ಸುಮ್ಮನಾದರೆ ಕಲಿಯುವುದು ಇನ್ನೂ ಇದೆ. ನೋಡಿ ಮಾಡುವುದು ಬೇರೆ, ತಿಳಿದು ಮಾಡುವುದು ಬೇರೆ. ಬೆಳಗಾವಿ ಬಳಿಯ ಸುಳೇಬಾವಿಯ ಗಾಯಕ ಕುಮಾರ ಗಂಧರ್ವರು ಹತ್ತು ವರ್ಷದೊಳಗೇ ದೊಡ್ಡ ದೊಡ್ಡ ಉಸ್ತಾದರ ರೆಕಾರ್ಡುಗಳನ್ನು ಕೇಳಿದಂತೆಯೇ ಹಾಡಿ ತೋರಿಸುತ್ತಿದ್ದರು. ಆದರೂ ಮನೆಯವರು ಅವರನ್ನು ಕಲಿಯಲು ಮುಂಬೈಯ ಬಿ.ಆರ್. ದೇವಧರರ ಸಂಗೀತ ಶಾಲೆಗೆ ಕಳಿಸಿದರು.

ಅವಳು ನಿಜಕ್ಕೂ ಮುಂದಿದ್ದಾಳೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಐದನೇ ತರಗತಿ ಬಿಡಬೇಡಿ ಎನ್ನಲು ದೊಡ್ಡ ಕಾರಣವಿದೆ. ಹಳ್ಳಿಯ ಜಾಣ ಮಕ್ಕಳಿಗೆ ಸರ್ಕಾರ ತೆರೆದಿಟ್ಟ ಬಾಗಿಲುಗಳಲ್ಲಿ ಮುಖ್ಯವಾದವು ಇರುವುದು ಐದನೇ ತರಗತಿಯಲ್ಲೇ. ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಆಯ್ಕೆ ಪರೀಕ್ಷೆ ಬರೆಯಬೇಕಾದರೆ ಮಗು ಆ ವರ್ಷ ಅದೇ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಒಂದು ಸಲ ಮಾತ್ರ ಬರೆಯಬಹುದು. ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ. ಆದರೆ ಆ ಪಾಲು ಕೇಳುವ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಒಂದೊಂದು ಪೂರ್ಣ ವರ್ಷ ಓದಿರಬೇಕು. ಇದರ ಜೊತೆ ಹುಟ್ಟಿದ ದಿನಾಂಕದ ಮಿತಿಯೂ ಇದೆ. ನಿಮ್ಮ ಮಗಳು ಐದನ್ನು ಹಾರಿದರೆ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿರುವ ನಮ್ಮ ಜಿಲ್ಲೆಯ ನವೋದಯದ ಆರನೇ ತರಗತಿಗೆ ಅರ್ಜಿ ಹಾಕಲೂ ಬರುವುದಿಲ್ಲ. ಒಂಬತ್ತನೇ ತರಗತಿಗೆ ಇನ್ನೊಂದು ಪರೀಕ್ಷೆ ಇದೆ ನಿಜ, ಅದು ಖಾಲಿ ಉಳಿದ ಸೀಟುಗಳಿಗೆ ಮಾತ್ರ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಆರನೇ ತರಗತಿಯ ಪ್ರವೇಶ ಪರೀಕ್ಷೆಯೂ ಐದು ಓದುತ್ತಿರುವವರಿಗೇ. ನವೋದಯದ ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ ಸೇರಿ ಎರಡು ತಾಸಿಗೆ 80 ಪ್ರಶ್ನೆ. ಲೆಕ್ಕದ ಹುಡುಗಿಗೆ ಹೇಳಿ ಮಾಡಿಸಿದ ಪರೀಕ್ಷೆ. ಅದನ್ನೇ ಬಿಟ್ಟು ಉಳಿಸುವ ಒಂದು ವರ್ಷ ಬಹಳ ತುಟ್ಟಿಯದು.

ಆ ವರ್ಷ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಸರ್ಕಾರದ ವಿದ್ಯಾರ್ಥಿ ದಾಖಲೆಯಲ್ಲಿರುವ ಮಗುವಿನ ಸ್ಯಾಟ್ಸ್ ಸಂಖ್ಯೆ ಶಾಲೆ ಬದಲಾದರೂ ಬದಲಾಗುವುದಿಲ್ಲ. ದಾಖಲೆಯಲ್ಲಿ ನಾಲ್ಕು ಮುಗಿದಿದೆ ಎಂದಿದ್ದರೆ ಮುಂದಿನದು ಐದೇ. ‘ನಾವು ಹೊಂದಿಸಿಕೊಳ್ಳುತ್ತೇವೆ’ ಎಂದು ಯಾವ ಶಾಲೆಯವರಾದರೂ ಹೇಳಿದರೆ, ಹೇಗೆ ಎಂದು ಬಿಇಒ ಕಚೇರಿಯಲ್ಲಿ ಕೇಳದೆ ಟಿ.ಸಿ. ತೆಗೆಸಬೇಡಿ. ಇನ್ನು ಮುಂದೆ ಡಾಕ್ಟರಿಕೆ ಓದಿಸುವ ಆಸೆ ಇದ್ದರೆ, ನೀಟ್ ಬರೆಯುವ ವಿದ್ಯಾರ್ಥಿಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಆರು ತುಂಬಿ ಒಂದನೇ ತರಗತಿ ಸೇರಿದ ಮಗು ಒಂದು ವರ್ಷ ಜಿಗಿದರೆ ಅಡ್ಡಿಯಿಲ್ಲ. ಎರಡು ಜಿಗಿದರೆ ಅಲ್ಲಿ ಹೋಗಿ ಒಂದು ವರ್ಷ ಕಾಯಬೇಕಾದೀತು.

ಅವಳ ಅಣ್ಣನ ಸಂಗತಿಯೂ ಇದೆ. ಬರುವ ಜೂನಿಗೆ ಅವನೂ ಆರನೇ ತರಗತಿಗೆ ಬರುತ್ತಾನೆ. ಶಾಲೆ ಬೇರೆಯಾದರೂ ಒಂದೇ ಮನೆಯಲ್ಲಿ ಅಣ್ಣ-ತಂಗಿ ಒಂದೇ ತರಗತಿ, ಎರಡು ಅಂಕಪಟ್ಟಿ, ದಿನವೂ ಹೋಲಿಕೆ. ಮಕ್ಕಳನ್ನು ತರಗತಿ ಜಿಗಿಸಲು ಅಮೆರಿಕದಲ್ಲಿ ಬಳಸುವ ಅಯೋವಾ ಮಾಪಕ ಎಂಬ ಒರೆಗಲ್ಲಿನಲ್ಲಿ, ಮಗು ಹೋಗಲಿರುವ ತರಗತಿಯಲ್ಲಿ ಒಡಹುಟ್ಟಿದವರು ಇದ್ದರೆ ಜಿಗಿಸಬಾರದು ಎಂದೇ ಇದೆ. ಮಗುವಿಗೇ ಮನಸ್ಸಿಲ್ಲದಿದ್ದರೂ ಜಿಗಿಸಬಾರದು. ನಿಮ್ಮ ಪತ್ರದಲ್ಲಿ ಕಾಕಾ ಹೇಳಿದ್ದು ಇದೆ, ಅವಳೇ ಏನು ಅಂದಳು ಎಂಬುದು ಇಲ್ಲ. ಕೇಳಿದ್ದೀರಾ?

ಜಿಗಿದ ಮಕ್ಕಳೆಲ್ಲ ಕೆಡುತ್ತಾರೆ ಎಂದು ನಾನು ಹೆದರಿಸುತ್ತಿಲ್ಲ. 1971ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ ಗಣಿತದಲ್ಲಿ ಮುಂದಿರುವ ಮಕ್ಕಳ ಅಧ್ಯಯನ ಶುರು ಮಾಡಿದರು. ಸರಿಯಾಗಿ ಆರಿಸಿ ಮುಂದೆ ಕಳಿಸಿದ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿಯೇ ಓದಿದರು ಎಂಬುದು ಇಂಥ ಅಧ್ಯಯನಗಳಿಂದ ತಿಳಿದಿದೆ. ನಮ್ಮಲ್ಲೇ ವಿಜ್ಞಾನಿ ಸಿ.ಎನ್.ಆರ್. ರಾವ್ ಇದ್ದಾರೆ. ಪ್ರಾಥಮಿಕ ಶಾಲೆಗೆ ಹೋಗದೆ ಮನೆಯಲ್ಲಿ ತಾಯಿಯಿಂದಲೇ ಕಲಿತು, 1940ರಲ್ಲಿ ಆರನೇ ವಯಸ್ಸಿಗೆ ನೇರ ಮಾಧ್ಯಮಿಕ ಶಾಲೆ ಸೇರಿದರು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರು, ಆದರೂ ಉಳಿದವರಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದರು. 17ಕ್ಕೆ ಬಿ.ಎಸ್ಸಿ., 24ಕ್ಕೆ ಪಿಎಚ್.ಡಿ. ಅವರು ಒಂದು ವಿಷಯದಲ್ಲಷ್ಟೇ ಮುಂದಿರಲಿಲ್ಲ ಎಂಬುದನ್ನು ಗಮನಿಸಿ. ನವೋದಯದಂಥ ಬಾಗಿಲು ಬಿಟ್ಟುಕೊಡುವ ಪ್ರಶ್ನೆಯೂ ಆಗ ಇರಲಿಲ್ಲ.

ನಿಮ್ಮ ಮಗಳಿಗೆ ಹೆಚ್ಚು ಹೊಂದುವುದು ಆಸ್ಟ್ರೇಲಿಯಾದ ಗಣಿತಜ್ಞ ಟೆರೆನ್ಸ್ ಟಾವೋ ಅವರ ದಾರಿ. ಎಂಟನೆಯ ವಯಸ್ಸಿಗೆ ಅವರು ಕೆಲವು ವಿಷಯಕ್ಕೆ ಹೈಸ್ಕೂಲಿಗೂ ಉಳಿದದ್ದಕ್ಕೆ ಪ್ರಾಥಮಿಕ ಶಾಲೆಗೂ ಹೋಗುತ್ತಿದ್ದರು. ಒಂಬತ್ತಕ್ಕೆ ವಿಶ್ವವಿದ್ಯಾಲಯದ ಗಣಿತ ಕಲಿತರೂ ಪೂರ್ಣಾವಧಿ ವಿಶ್ವವಿದ್ಯಾಲಯ ಸೇರಿದ್ದು 14ಕ್ಕೆ. ಅವಸರ ಮಾಡದೆ ವಿಷಯಕ್ಕೊಂದು ವೇಗ ಇಟ್ಟುಕೊಂಡವರಿಗೆ 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬಂತು.

ಇದನ್ನು ಬಾಳೆಹೊಸೂರಿನಲ್ಲಿ ಮಾಡುವುದು ಹೇಗೆ? ಬೇರೆ ಮಗುವಾಗಿದ್ದರೆ ಗಣಿತದ ಪಿರಿಯಡ್‌ಗೆ ಮಾತ್ರ ಮೇಲಿನ ತರಗತಿಗೆ ಕಳಿಸಿ ಎನ್ನುತ್ತಿದ್ದೆ. ಇಲ್ಲಿ ಮೇಲಿನ ತರಗತಿಯಲ್ಲಿ ಅಣ್ಣನೇ ಕೂತಿದ್ದಾನೆ. ಆದ್ದರಿಂದ ಅವಳು ತನ್ನ ಜಾಗದಲ್ಲೇ ಕೂತು ಬೇರೆ ಕೆಲಸ ಮಾಡಲಿ. ಮುಖ್ಯ ಶಿಕ್ಷಕರನ್ನೂ ಗಣಿತದ ಮಾಸ್ತರನ್ನೂ ಕಂಡು ಇಷ್ಟೇ ಕೇಳಿ: ಪಾಠದ ಲೆಕ್ಕ ಮೊದಲು ಮುಗಿಸಿದರೆ ಉಳಿದ ಹೊತ್ತಿಗೆ ಅವಳಿಗೊಂದು ಬೇರೆ ವಹಿ ಇರಲಿ, ವಾರಕ್ಕೊಮ್ಮೆ ತಾವು ನೋಡಿಕೊಡಿ. ನಾಲ್ಕು-ಐದನೇ ತರಗತಿಗಾಗಿ ಅಕ್ಷರ ಫೌಂಡೇಶನ್‌ನವರು ಸರ್ಕಾರದ ಜೊತೆ ನಡೆಸುವ ಗಣಿತ ಕಲಿಕಾ ಆಂದೋಲನದ ಕಿಟ್ ಶಾಲೆಯ ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಅವರ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ ಹತ್ತಿರದಲ್ಲಿ ಎಲ್ಲಿ ನಡೆದರೂ ಕಳಿಸಿ.

ಆ ಬೇರೆ ವಹಿಯಲ್ಲಿ ಆರನೇ ತರಗತಿಯ ಪಾಠ ತುಂಬಬೇಡಿ. ಕಲಿತದ್ದೇ ಇನ್ನಷ್ಟು ಆಳಕ್ಕೆ ಹೋಗಲಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಗುಣಾಕಾರ ಬರುತ್ತದೆ: 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. ಇದನ್ನು ಅವಳಿಂದ ಮಾಡಿಸಿ. ನಂತರ 111, 1111, 11111 ಇವು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಹುಡುಕಲು ಹೇಳಿ. ಮೊದಲೆರಡು ಬೇಗ ಸಿಗುತ್ತವೆ. ಮೂರನೆಯದಕ್ಕೆ 2ರಿಂದ ಹಿಡಿದು ಭಾಗಿಸುತ್ತಾ 41ರವರೆಗೆ ಬರಬೇಕು, ಆಗ 271 ಸಿಗುತ್ತದೆ. ಬರುವ ದಾರಿಯಲ್ಲಿ, 2ರಿಂದ ಹೋಗದ್ದು 4ರಿಂದಲೂ 6ರಿಂದಲೂ ಹೋಗುವುದಿಲ್ಲ, ಸುಮ್ಮನೆ ಭಾಗಿಸುವುದೇಕೆ ಎಂದು ಅವಳಿಗೇ ಹೊಳೆದರೆ ಅವಿಭಾಜ್ಯ ಸಂಖ್ಯೆಯ ಪಾಠ ಅವಳಿಗೆ ಯಾರೂ ಹೇಳದೆಯೇ ಬಂತು. ಈ ಕೆಲಸಕ್ಕೆ ಪೆನ್ಸಿಲ್ಲು, ಹಳೆಯ ವಹಿ ಸಾಕು.

ಇಷ್ಟು ಮಾಡಿಯೂ ಐದನೇ ತರಗತಿಯ ಕೊನೆಗೆ ಅವಳು ಗಣಿತವಷ್ಟೇ ಅಲ್ಲ, ಓದು, ಬರಹ, ಇಂಗ್ಲಿಷ್, ಪರಿಸರ ಎಲ್ಲದರಲ್ಲೂ ಎರಡು ವರ್ಷ ಮುಂದಿದ್ದರೆ, ಅವಳಿಗೇ ಮುಂದೆ ಹೋಗುವ ಆಸೆಯಿದ್ದರೆ, ಅಷ್ಟರಲ್ಲಿ ನವೋದಯದ ಫಲಿತಾಂಶವೂ ಬಂದಿದ್ದರೆ, ಆಗ ಮತ್ತೆ ಬರೆಯಿರಿ, ನನ್ನ ಉತ್ತರ ಬೇರೆ ಇರಬಹುದು. ಅವಳ ಕಾಕಾಗೆ ಈಗಲೇ ಒಂದು ಕೆಲಸ ಹಚ್ಚಿ: ಬರುವ ವರ್ಷ ನವೋದಯದ ಅರ್ಜಿ ಯಾವಾಗ ಬಿಡುತ್ತಾರೆ ಎಂದು ನೋಡಿಕೊಂಡು, ಕೊನೆಯ ದಿನಕ್ಕೆ ಕಾಯದೆ ತುಂಬಿಸಿ ಬರಲಿ.