ಗಡಿನಾಡಿನ ವಿದ್ಯಾರ್ಥಿ ಮತ್ತು ಐಇಎಲ್‌ಟಿಎಸ್ ಪರೀಕ್ಷೆ

ಇಂಗ್ಲಿಷ್ ಮಾಧ್ಯಮದಲ್ಲಿ ಬೋಧಿಸುವ ವಿದೇಶಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವ ಭಾರತೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಮ್ಮ ಇಂಗ್ಲಿಷ್ ಸಾಮರ್ಥ್ಯಕ್ಕೆ ಪ್ರಮಾಣ ಒದಗಿಸಬೇಕಾಗುತ್ತದೆ. ಅಂಥ ಪ್ರಮಾಣವನ್ನು ನೀಡುವ ಪರೀಕ್ಷೆಗಳಲ್ಲಿ 1964ರಲ್ಲಿ ಅಮೆರಿಕದಲ್ಲಿ ಆರಂಭವಾದ ಟೋಫೆಲ್ ಹಾಗೂ 1989ರಲ್ಲಿ ಜಾರಿಗೆ ಬಂದ ಐಇಎಲ್‌ಟಿಎಸ್ ಪ್ರಮುಖವಾದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತವರು ಪದವಿಯಲ್ಲಿ ಉತ್ತಮ ಅಂಕ ಗಳಿಸಿದ ಮೇಲೂ ಈ ಪರೀಕ್ಷೆಯ ಹೆಸರು ಕೇಳಿ ಹಿಂಜರಿಯುವುದುಂಟು. ಕನ್ನಡದಲ್ಲಿ ಓದಿದ್ದೇ ತಮ್ಮ ಕೊರತೆ ಎಂದು ಅವರು ಭಾವಿಸುತ್ತಾರೆ; ಅರ್ಹತೆಯಿದ್ದೂ ಅರ್ಜಿಯನ್ನೇ ಹಾಕುವುದಿಲ್ಲ. ಐಇಎಲ್‌ಟಿಎಸ್ ಏನನ್ನು ಅಳೆಯುತ್ತದೆ, ಕನ್ನಡ ಮತ್ತು ಮರಾಠಿ ಎರಡನ್ನೂ ಬಲ್ಲ ವಿದ್ಯಾರ್ಥಿಗೆ ಆ ಭಾಷೆಗಳು ಎಲ್ಲಿ ನೆರವಾಗುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಈ ಪಾಠವು ಪರಿಶೀಲಿಸುತ್ತದೆ.

ಪರೀಕ್ಷೆಯ ಸ್ವರೂಪ

ಬ್ರಿಟಿಷ್ ಕೌನ್ಸಿಲ್, ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳ ಜಂಟಿ ಒಡೆತನದ ಈ ಪರೀಕ್ಷೆಯಲ್ಲಿ ಆಲಿಸುವಿಕೆ, ಓದು, ಬರವಣಿಗೆ ಮತ್ತು ಮಾತು ಎಂಬ ನಾಲ್ಕು ವಿಭಾಗಗಳಿವೆ. ಆಲಿಸುವಿಕೆಯಲ್ಲಿ ಸುಮಾರು 30 ನಿಮಿಷಗಳ ಧ್ವನಿಮುದ್ರಣಗಳನ್ನು ಕೇಳಿ 40 ಪ್ರಶ್ನೆಗಳಿಗೆ ಉತ್ತರಿಸಬೇಕು. ಪ್ರತಿಯೊಂದನ್ನೂ ಒಮ್ಮೆ ಮಾತ್ರ ಕೇಳಿಸಲಾಗುತ್ತದೆ. ಓದಿನಲ್ಲಿ ಮೂರು ಗದ್ಯಭಾಗಗಳು, 40 ಪ್ರಶ್ನೆಗಳು, 60 ನಿಮಿಷ. ಬರವಣಿಗೆಗೂ 60 ನಿಮಿಷ: ಮೊದಲ ಭಾಗದಲ್ಲಿ ನಕ್ಷೆ ಅಥವಾ ಕೋಷ್ಟಕವೊಂದರ ವಿವರಣೆಯನ್ನು ಕನಿಷ್ಠ 150 ಪದಗಳಲ್ಲಿಯೂ, ಎರಡನೆಯ ಭಾಗದಲ್ಲಿ ಒಂದು ಪ್ರಬಂಧವನ್ನು ಕನಿಷ್ಠ 250 ಪದಗಳಲ್ಲಿಯೂ ಬರೆಯಬೇಕು. ಪ್ರಬಂಧಕ್ಕೆ ಮೊದಲ ಭಾಗದ ಎರಡರಷ್ಟು ತೂಕವಿದೆ. ಮಾತಿನ ವಿಭಾಗವು ಪರೀಕ್ಷಕರೊಡನೆ ನಡೆಯುವ 11ರಿಂದ 14 ನಿಮಿಷಗಳ ಸಂವಾದ.

ಇಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದಿಲ್ಲ. ಪ್ರತಿ ವಿಭಾಗಕ್ಕೆ 9ರವರೆಗಿನ ಶ್ರೇಣಿ ದೊರೆಯುತ್ತದೆ; ನಾಲ್ಕರ ಸರಾಸರಿಯನ್ನು ಸಮೀಪದ ಅರ್ಧಾಂಕಕ್ಕೆ ಹೊಂದಿಸಲಾಗುತ್ತದೆ. ಒಬ್ಬ ವಿದ್ಯಾರ್ಥಿಗೆ ಆಲಿಸುವಿಕೆಯಲ್ಲಿ 7, ಓದಿನಲ್ಲಿ 6.5, ಬರವಣಿಗೆಯಲ್ಲಿ 5.5, ಮಾತಿನಲ್ಲಿ 6 ಬಂದರೆ ಸರಾಸರಿ 6.25 ಆಗಿ, ಒಟ್ಟು ಶ್ರೇಣಿ 6.5 ಎಂದು ನಮೂದಾಗುತ್ತದೆ. ಆದರೆ ಒಟ್ಟು 6.5 ಇರಬೇಕು, ಯಾವ ವಿಭಾಗವೂ 6ಕ್ಕಿಂತ ಕೆಳಗಿರಬಾರದು ಎಂದು ಕೇಳುವ ವಿಶ್ವವಿದ್ಯಾಲಯಗಳು ಅನೇಕ. ಅಂಥಲ್ಲಿ ಈ ವಿದ್ಯಾರ್ಥಿಯನ್ನು ತಡೆಯುವುದು ಬರವಣಿಗೆಯೊಂದೇ. ಆದುದರಿಂದ ಸಿದ್ಧತೆಯು ದುರ್ಬಲ ವಿಭಾಗದಿಂದ ಆರಂಭವಾಗತಕ್ಕದ್ದು.

ಎರಡು ಭಾಷೆಗಳ ಬಂಡವಾಳ

ಇಂಗ್ಲಿಷಿನ 'ಎ' ಮತ್ತು 'ದ' ಎಂಬ ಉಪಪದಗಳು ನಮ್ಮ ವಿದ್ಯಾರ್ಥಿಗಳನ್ನು ಬಹಳವಾಗಿ ಕಾಡುತ್ತವೆ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಅಂಥ ಉಪಪದಗಳಿಲ್ಲ. ಆದರೆ ಅವು ಸೂಚಿಸುವ ಅರ್ಥವ್ಯತ್ಯಾಸವು ಕನ್ನಡಕ್ಕೆ ಹೊಸತಲ್ಲ. 'ಅಂಗಡಿಗೆ ಹೋಗಿ ಪುಸ್ತಕ ತಂದಳು' ಎಂದಾಗ ಯಾವುದೋ ಒಂದು ಪುಸ್ತಕ. 'ಪುಸ್ತಕವನ್ನು ತಂದಳು' ಎಂದಾಗ ಹೆಚ್ಚಾಗಿ ಮೊದಲೇ ಗೊತ್ತಿರುವ ಪುಸ್ತಕ. ಗ್ರಂಥಭಾಷೆಯಲ್ಲಿ ಈ ಭೇದವು ಅಷ್ಟು ಕಟ್ಟುನಿಟ್ಟಾಗಿರದಿದ್ದರೂ ಆಡುಮಾತಿನಲ್ಲಿ ಸ್ಪಷ್ಟವಾಗಿಯೇ ಇದೆ. ದ್ವಿತೀಯಾ ವಿಭಕ್ತಿಯ ಪ್ರತ್ಯಯವು ಇಲ್ಲಿ ಮಾಡುವ ಕೆಲಸಕ್ಕೂ 'ದ' ಮಾಡುವ ಕೆಲಸಕ್ಕೂ ಹೋಲಿಕೆಯುಂಟು. 'ಕೇಳುವವರಿಗೆ ಇದು ಯಾವುದೆಂದು ಈಗಾಗಲೇ ಗೊತ್ತೇ?' ಎಂಬ ಪ್ರಶ್ನೆಯನ್ನು ಹಾಕಿಕೊಂಡರೆ ಬಹುಪಾಲು ಸಂದರ್ಭಗಳಲ್ಲಿ ಸರಿಯಾದ ಉಪಪದ ತಾನಾಗಿ ಹೊಳೆಯುತ್ತದೆ.

ಬಹುವಚನದಲ್ಲಿ ನೆರವಿಗೆ ಬರುವುದು ಮರಾಠಿ. ಕನ್ನಡದಲ್ಲಿ 'ಹತ್ತು ಪುಸ್ತಕ' ಎಂದರೆ ಸಾಕು. ಸಂಖ್ಯೆಯೇ ಬಹುತ್ವವನ್ನು ಹೇಳುತ್ತದೆ. ಈ ಅಭ್ಯಾಸದಿಂದಲೇ 'ಟೆನ್ ಬುಕ್' ಎಂಬ ತಪ್ಪು ಹುಟ್ಟುತ್ತದೆ. ಮರಾಠಿಯಲ್ಲಿ 'ದಹಾ ಪುಸ್ತಕ' ಎಂದರೆ ಕಿವಿಗೆ ಒಗ್ಗದು. 'ದಹಾ ಪುಸ್ತಕೆ' ಎನ್ನಲೇಬೇಕು. ಸಂಖ್ಯೆಯ ನಂತರವೂ ನಾಮಪದದ ರೂಪ ಬದಲಾಗಬೇಕೆಂಬ ನಿಯಮವನ್ನು ಗಡಿಭಾಗದ ಮಗು ಬಾಲ್ಯದಲ್ಲೇ ಅರಗಿಸಿಕೊಂಡಿರುತ್ತದೆ.

ಸಂಬಂಧವಾಚಕ ವಾಕ್ಯಗಳಲ್ಲೂ ಹೀಗೆಯೇ. 'ನಿನ್ನೆ ಬಂದ ಹುಡುಗ' ಎಂದು ಕನ್ನಡವು ಕೃದಂತದಿಂದ ಅಡಕವಾಗಿ ಹೇಳುತ್ತದೆ. ಇಂಗ್ಲಿಷ್ 'ದ ಬಾಯ್ ಹೂ ಕೇಮ್ ಯೆಸ್ಟರ್ಡೇ' ಎಂದು 'ಹೂ' ಎಂಬ ಕೊಂಡಿಯನ್ನು ಬಳಸುತ್ತದೆ. ಮರಾಠಿಯ 'ಜೋ ಮುಲಗಾ ಕಾಲ ಆಲಾ, ತೋ' ಎಂಬ ರಚನೆಯಲ್ಲಿ 'ಜೋ' ಅಂಥದೇ ಕೊಂಡಿ. ಸ್ಥಾನ ಬೇರೆಯಾದರೂ ಅದರ ಕಾರ್ಯ ಪರಿಚಿತವೇ. ಇಂಥ ಸಂಕೀರ್ಣ ವಾಕ್ಯಗಳನ್ನು ತಪ್ಪಿಲ್ಲದೆ ಬಳಸಬಲ್ಲವರಿಗೆ ಬರವಣಿಗೆ ಮತ್ತು ಮಾತು ಎರಡರಲ್ಲೂ ಶ್ರೇಣಿ ಏರುತ್ತದೆ.

ಎರಡೂ ಭಾಷೆಗಳು ಕೂಡಿಯೇ ದಾರಿ ತಪ್ಪಿಸುವ ಸ್ಥಳಗಳೂ ಇವೆ. 'ವಿಷಯದ ಬಗ್ಗೆ ಚರ್ಚಿಸು' ಎಂಬ ರೂಢಿಯಿಂದ 'ಡಿಸ್ಕಸ್ ಅಬೌಟ್' ಎಂಬ ಪ್ರಯೋಗ ಬರುತ್ತದೆ. ಇಂಗ್ಲಿಷಿನಲ್ಲಿ 'ಡಿಸ್ಕಸ್' ಒಂದೇ ಸಾಕು. ಇಂಥವುಗಳನ್ನು ಪ್ರತ್ಯೇಕ ಪಟ್ಟಿ ಮಾಡಿಕೊಂಡು ತಿದ್ದಿಕೊಳ್ಳುವುದೊಂದೇ ಉಪಾಯ.

ಓದು ಮತ್ತು ಪ್ರಬಂಧ

ಓದಿನ ವಿಭಾಗದಲ್ಲಿ ಹೇಳಿಕೆಯೊಂದು ಸರಿಯೇ, ತಪ್ಪೇ ಅಥವಾ ಗದ್ಯದಲ್ಲಿ ಹೇಳಿಯೇ ಇಲ್ಲವೇ ಎಂದು ಗುರುತಿಸುವ ಪ್ರಶ್ನೆಗಳಿರುತ್ತವೆ. ಅನೇಕರು ಎಡವುವುದು ಮೂರನೆಯದರಲ್ಲಿ. ತಮಗೆ ಮೊದಲೇ ತಿಳಿದಿರುವುದನ್ನು ಗದ್ಯವೇ ಹೇಳಿದೆ ಎಂದು ಅವರು ಭ್ರಮಿಸುತ್ತಾರೆ. ಪಠ್ಯ ಹೇಳಿದ್ದನ್ನೂ ಓದುಗನು ಊಹಿಸಿದ್ದನ್ನೂ ಬೇರ್ಪಡಿಸುವ ಶಿಸ್ತು ಸಾಹಿತ್ಯದ ವಿದ್ಯಾರ್ಥಿಗೆ ತರಗತಿಯಲ್ಲಿ ಪ್ರತಿದಿನವೂ ಬೇಕಾಗುವಂಥದು. ಆ ಶಿಸ್ತನ್ನು ಕನ್ನಡ ಪತ್ರಿಕೆಯ ಸಂಪಾದಕೀಯದ ಮೇಲೂ ರೂಢಿಸಿಕೊಳ್ಳಬಹುದು.

ಪ್ರಬಂಧದಲ್ಲಿ ಹಳೆಯ ಅಭ್ಯಾಸವೊಂದನ್ನು ಬಿಡಬೇಕು. ಶಾಲೆಯಲ್ಲಿ ಗಾದೆಯಿಂದಲೋ ಸೂಕ್ತಿಯಿಂದಲೋ ಆರಂಭಿಸಿ ದೀರ್ಘ ಪೀಠಿಕೆ ಹಾಕುವುದನ್ನು ಕಲಿತಿರುತ್ತೇವೆ. ಐಇಎಲ್‌ಟಿಎಸ್ ಪರೀಕ್ಷಕರು ಕೇಳಿದ ಪ್ರಶ್ನೆಗೆ ನೇರ ಉತ್ತರ, ಸ್ಪಷ್ಟ ನಿಲುವು, ಅದಕ್ಕೆ ಕಾರಣ ಮತ್ತು ನಿದರ್ಶನಗಳನ್ನು ನೋಡುತ್ತಾರೆ. ಕಂಠಪಾಠ ಮಾಡಿದ ಪ್ರಬಂಧಕ್ಕೆ ಅಂಕ ಕುಸಿಯುತ್ತದೆ. ನಿಲುವು ಮತ್ತು ಕಾರಣಗಳನ್ನು ಮೊದಲು ಕನ್ನಡದಲ್ಲಿ ನಾಲ್ಕು ಸಾಲುಗಳಲ್ಲಿ ಗುರುತಿಸಿಕೊಂಡು ಬಳಿಕ ಇಂಗ್ಲಿಷಿನಲ್ಲಿ ಬರೆಯುವುದು ಆರಂಭದ ವಾರಗಳಿಗೆ ಒಳ್ಳೆಯ ಅಭ್ಯಾಸ. ವಿಚಾರವೇ ಗೊಂದಲದಲ್ಲಿದ್ದರೆ ಯಾವ ಭಾಷೆಯೂ ಅದನ್ನು ಮುಚ್ಚಲಾರದು.

ಮಾತು

ಮಾತಿನ ವಿಭಾಗದ ಮಧ್ಯದಲ್ಲಿ ಒಂದು ವಿಷಯವನ್ನು ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷಗಳವರೆಗೆ ಮಾತನಾಡಿಸುತ್ತಾರೆ. ಹಬ್ಬವೊಂದನ್ನು ವರ್ಣಿಸಿ ಎಂದರೆ ವಿದೇಶಿ ಹಬ್ಬವನ್ನು ಹುಡುಕಬೇಕಿಲ್ಲ. ಸಂಕ್ರಾಂತಿಯ ವೇಳೆ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧರಾಮೇಶ್ವರ ಜಾತ್ರೆಯೇ ಸಾಕು. ಆದರೆ 'ನಂದಿಕೋಲು' ಎಂದು ಹೇಳಿ ಮುಂದೆ ಸಾಗಿದರೆ ಪರೀಕ್ಷಕರಿಗೆ ಅರ್ಥವಾಗದು. 'ಅಲಂಕರಿಸಿದ ಎತ್ತರದ ಬಿದಿರಿನ ಕೋಲು, ಭಕ್ತರು ಅದನ್ನು ಮೆರವಣಿಗೆಯಲ್ಲಿ ಹೊರುತ್ತಾರೆ' ಎಂದು ಸರಳ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕು. ಪದ ಸಿಗದಿದ್ದಾಗ ಸುತ್ತಿ ಬಳಸಿಯಾದರೂ ಅರ್ಥ ತಲುಪಿಸುವ ಈ ಜಾಣ್ಮೆಗೂ ಅಂಕವಿದೆ.

ಉಚ್ಚಾರಣೆಯಲ್ಲಿ ಪರೀಕ್ಷಕರು ನೋಡುವುದು ಮಾತು ಸುಲಭವಾಗಿ ಅರ್ಥವಾಗುತ್ತದೆಯೇ ಎಂಬುದನ್ನು. ಬ್ರಿಟಿಷರ ಧಾಟಿಯನ್ನು ಅನುಕರಿಸುವ ಅಗತ್ಯವಿಲ್ಲ. 'ಬಸ್ಸು', 'ಬ್ಯಾಂಕು' ಎಂದು ಕೊನೆಗೆ ಸ್ವರ ಸೇರಿಸುವುದನ್ನು, 'ಎಗ್' ಎಂಬುದನ್ನು 'ಯೆಗ್' ಎನ್ನುವುದನ್ನು ತಿದ್ದಿಕೊಂಡರೆ ಬಹಳಷ್ಟು ಸುಧಾರಿಸುತ್ತದೆ.

ತಾಯ್ನುಡಿ ಕೊಡಲಾರದ್ದು

ಆಲಿಸುವಿಕೆಗೆ ಮಾತ್ರ ಅಡ್ಡದಾರಿಯಿಲ್ಲ. ಬೇರೆ ಬೇರೆ ದೇಶಗಳ ಇಂಗ್ಲಿಷ್ ಉಚ್ಚಾರಗಳು ಕಿವಿಗೆ ಪಳಗಲು ತಿಂಗಳುಗಟ್ಟಲೆ ಪ್ರತಿದಿನ ಅರ್ಧ ಗಂಟೆಯಾದರೂ ಕೇಳಬೇಕು. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆಯುವವರು ಇಂಗ್ಲಿಷ್ ಬೆರಳಚ್ಚನ್ನೂ ರೂಢಿಸಿಕೊಳ್ಳಬೇಕು. ಶುಲ್ಕ 15,000 ರೂಪಾಯಿಗಳಿಗೂ ಹೆಚ್ಚು. ರೈತರ, ನೇಕಾರರ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ. ಫಲಿತಾಂಶವು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಮಾನ್ಯ. ಆದ್ದರಿಂದ ಬೇಕಾದ ಶ್ರೇಣಿಯನ್ನು ವಿಶ್ವವಿದ್ಯಾಲಯದ ಪ್ರಕಟಣೆಯಿಂದಲೇ ತಿಳಿದು, ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಮಾದರಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ, ಆ ಶ್ರೇಣಿ ಕೈಗೆಟುಕಿದ ಮೇಲೆಯೇ ಹಣ ಕಟ್ಟುವುದು ವಿವೇಕ.

ಅಭ್ಯಾಸ

1. ಈ ದಿನದ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಪ್ರತಿಯೊಂದು 'ಎ' ಮತ್ತು 'ದ' ಬಳಕೆಗೂ ಕಾರಣ ಹೇಳಿ.
2. 'ಜೋ–ತೋ' ಇರುವ ಮೂರು ಮರಾಠಿ ವಾಕ್ಯಗಳನ್ನು ಕನ್ನಡ ಕೃದಂತಕ್ಕೂ, ಬಳಿಕ ಇಂಗ್ಲಿಷಿಗೂ ಪರಿವರ್ತಿಸಿ.
3. ನಿಮ್ಮ ಊರಿನ ಜಾತ್ರೆಯ ಕುರಿತು ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿ, ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹೊರಗಿನವರಿಗೆ ಅರ್ಥವಾಗದ ಪದಗಳನ್ನು ಗುರುತಿಸಿ ವಿವರಣೆ ಸೇರಿಸಿ.