ಹೂವು ನೋಡಿ ಬಳ್ಳಿ ಆರಿಸಿರಿ



ಕಾರ್ಕಳದ ಅಡಿಕೆ ತೋಟವಿರಲಿ, ಕಾಪುವಿನ ತೆಂಗಿನ ಹಿತ್ತಲಿರಲಿ, ಒಳ್ಳೆಮೆಣಸಿನ ಬಳ್ಳಿಗಳೆಲ್ಲ ಒಂದೇ ಸಮನೆ ಫಲ ಕೊಡುವುದಿಲ್ಲ. ಗೊಬ್ಬರ, ನೀರು ಒಂದೇ ಆದರೂ ಹೀಗೇಕೆ? ಒಂದು ಕಾರಣ ಹೂವಿನಲ್ಲಿದೆ.

ಕಾಡುಮೆಣಸಿನಲ್ಲಿ ಗಂಡುಬಳ್ಳಿ ಬೇರೆ, ಹೆಣ್ಣುಬಳ್ಳಿ ಬೇರೆ ಇರುವುದೇ ಹೆಚ್ಚು. ಗಂಡುಬಳ್ಳಿ ಕಾಳು ಕಟ್ಟದು. ತೋಟದ ಒಳ್ಳೆಯ ತಳಿಗಳಲ್ಲಿ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿರುತ್ತವೆ. ಇಂಥ ದ್ವಿಲಿಂಗ ಹೂ ಹೆಚ್ಚಿದ್ದರೆ ತೆನೆ ಚೆನ್ನಾಗಿ ತುಂಬುತ್ತದೆ. ಈ ಗುಣ ವಂಶದಿಂದ ಬರುವಂಥದು.

ಕಣ್ಣೂರು ಜಿಲ್ಲೆಯಲ್ಲಿ 1952ರಲ್ಲಿ ಆರಂಭವಾದ ಪನ್ನಿಯೂರು ಸಂಶೋಧನಾ ಕೇಂದ್ರದವರು, ಹೆಣ್ಣು ಹೂವೇ ಹೆಚ್ಚಿರುವ ಉತಿರನ್‌ಕೊಟ್ಟ ತಳಿಗೆ ಚೆರಿಯಕಾಣಿಯಕ್ಕಾಡನ್ ತಳಿಯ ಪರಾಗ ಕೂಡಿಸಿ ಪನ್ನಿಯೂರು-1 ಪಡೆದರು. ಅದರ ಹೂಗಳು ಬಹುಪಾಲು ದ್ವಿಲಿಂಗ. ಆದರೆ ಅದರ ಕಾಳು ಬಿತ್ತಿದರೆ ಸಸಿಗಳಲ್ಲಿ ತಾಯಿಯ ಗುಣ ಚದರಿಹೋಗುತ್ತದೆ. ಅದು ತಿಳಿಯುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಬಳ್ಳಿಯ ತುಂಡಾದರೋ ತಾಯಿಯನ್ನೇ ಹೋಲುತ್ತದೆ.

ಆದುದರಿಂದ ವರ್ಷ ವರ್ಷವೂ ತೆನೆ ತುಂಬುವ, ರೋಗವಿಲ್ಲದ ಬಳ್ಳಿಗೆ ಕೊಯ್ಲಿನಲ್ಲೇ ಗುರುತು ಕಟ್ಟಿರಿ. ಅದರ ಬುಡದ ಹಬ್ಬುಬಳ್ಳಿಗಳನ್ನು ಮಣ್ಣಿಗೆ ತಾಗದಂತೆ ಗೂಟಕ್ಕೆ ಸುತ್ತಿಡಿರಿ. ಫೆಬ್ರವರಿ-ಮಾರ್ಚಿಯಲ್ಲಿ ಎರಡು ಮೂರು ಗೆಣ್ಣಿನ ತುಂಡು ಮಾಡಿ ಸಸಿಮಡಿಯಲ್ಲಿ ನೆಡಿರಿ.

ಒಂದು ಮಾತು ನೆನಪಿರಲಿ: ನೆರಳು ಮಿತಿಮೀರಿದರೆ ಒಳ್ಳೆಯ ತಳಿಯಲ್ಲೂ ದ್ವಿಲಿಂಗ ಹೂ ಕಡಿಮೆಯಾಗುತ್ತದೆ. ಮಳೆಗೆ ಮೊದಲೇ ನೆರಳು ಮರಗಳ ಕೊಂಬೆ ಸವರಿರಿ.