‘ಎಳಿತ್ತಾ ಮಾವ?’ ಅಂದ ಮಾಣಿಗೆ

ಪ್ರೀತಿಯ ಮಾಣಿ,

ಹೋದ ಭಾನುವಾರ ಹಾಲಾಡಿಯಲ್ಲಿ ಊಟ ಮುಗಿಸಿ ಬಸ್ಸಿಗೆ ಹೊರಟವನ ಹಿಂದೆಯೇ ಅಂಗಳ ದಾಟಿ ಬಂದು ಕೇಳಿದೆಯಲ್ಲ, ‘ಮಾವ, 27 ಇಂಚಿನ ಫೋರ್‌ಕೆ ಮಾನಿಟರ್ ತಂದ್ರೆ ನನ್ ಕಂಪ್ಯೂಟರ್ ಎಳಿತ್ತಾ?’ ಅಂತ. ಅಷ್ಟರಲ್ಲಿ ಬಸ್ಸು ಬಂತು, ಉತ್ತರ ಬಾಯಲ್ಲೇ ಉಳಿಯಿತು. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ದುಡ್ಡು ಕೂಡಿಸುತ್ತಿರುವ ಹುಡುಗ ಹುಡುಗಿಯರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮಂದಿ ಇದ್ದಾರೆ. ಅವರಿಗೂ ಆಗಲಿ ಎಂದು ನಿನಗೆ ಹೇಳಬೇಕಾದ್ದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹೊಸ ಮಾನಿಟರ್ ತರುವ ಮೊದಲೇ, ಆ ಮಾನಿಟರಿನ ಹೊರೆಯನ್ನು ಈಗಿನ ಕಂಪ್ಯೂಟರಿನ ಮೇಲೆ ಹೊರಿಸಿ ನೋಡಬಹುದು. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಅದನ್ನು ಮಾಡದೆ ಅಂಗಡಿಗೆ ಹೋಗಬೇಡ. ಈ ಮಳೆಗಾಲ ತೋಟದ ಕೊಳೆರೋಗಕ್ಕೆ ಹೆದರಿ ನಿನ್ನ ಅಪ್ಪಯ್ಯ ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಕೂಲಿ ಎಂದು ಎಷ್ಟು ಸುರಿದಿದ್ದಾರೆಂದು ನಿನಗೇ ಗೊತ್ತು. ಮಾನಿಟರಿನ ದುಡ್ಡು ಬರಬೇಕಾದ್ದೂ ಅದೇ ತೋಟದಿಂದ.

ನಿನ್ನ ಈಗಿನ ಪರದೆ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳದ್ದು. ಗುಣಿಸಿದರೆ 20,73,600. ಅದಕ್ಕಿಂತ ಮೇಲಿನದು, 2,560 ಗುಣಿಸು 1,440ರದ್ದು, 36,86,400 ಚುಕ್ಕಿ. ನೀನು ಆಸೆಪಟ್ಟ ಫೋರ್‌ಕೆಯಲ್ಲಿ 82,94,400. ಈಗಿನದಕ್ಕೆ ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ನಿನ್ನ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿನಲ್ಲಿ ಸುಮಾರು 50 ಕೋಟಿ ಚುಕ್ಕಿಗೆ ಬಣ್ಣ ತುಂಬಬೇಕು. ಈಗ ಅದು ತುಂಬುತ್ತಿರುವುದು ಹನ್ನೆರಡೂವರೆ ಕೋಟಿಗೂ ತುಸು ಕಡಿಮೆ.

‘ಹಾಗಾದರೆ ಪ್ರೊಸೆಸರ್ ಬದಲಿಸಬೇಕಾ?’ ಎಂದು ಕೇಳುವವರೇ ಹೆಚ್ಚು. ಹೆಚ್ಚಿನವರು ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಆಟ ಅಂದರೆ ಯಕ್ಷಗಾನವೇ ಅಲ್ಲವಾ? ಮಂದಾರ್ತಿ ಮೇಳದ ಬಯಲಾಟ ನೆನಪಿಸಿಕೋ. ಭಾಗವತರು ಪದ ಹೇಳಿ, ತಾಳ ಹಾಕಿ, ಯಾವ ವೇಷ ಯಾವಾಗ ಬರಬೇಕು, ಏನು ಮಾಡಬೇಕು ಎಂದು ನಡೆಸುತ್ತಾರೆ. ಕುಣಿಯುವುದು ವೇಷಧಾರಿ. ರಂಗಸ್ಥಳವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದರೆ ಭಾಗವತರಿಗೆ ಏನೂ ಹೆಚ್ಚಿನ ಕೆಲಸವಿಲ್ಲ. ಅದೇ ಪದ, ಅದೇ ತಾಳ. ಆದರೆ ಅಷ್ಟೂ ನೆಲವನ್ನು ಕುಣಿದು ತುಂಬಬೇಕಾದ ವೇಷಧಾರಿಗೆ ಏದುಸಿರು ಬರುತ್ತದೆ. ಕಂಪ್ಯೂಟರಿನಲ್ಲಿ ಪ್ರೊಸೆಸರ್ ಭಾಗವತರ ಜಾಗದಲ್ಲಿದೆ, ಗ್ರಾಫಿಕ್ಸ್ ಕಾರ್ಡ್ ವೇಷದ ಜಾಗದಲ್ಲಿ. ಪರದೆಯ ಚುಕ್ಕಿ ಹೆಚ್ಚಾದಾಗ ದಣಿಯುವುದು ಬಹುತೇಕ ಕಾರ್ಡೇ. ಪ್ರೊಸೆಸರಿಗೆ ಒಂದು ಚಿತ್ರಕ್ಕೆ ಎಷ್ಟು ಕೆಲಸವೋ ಅಷ್ಟೇ.

ಕಾರ್ಡಿನ ಮೆಮೊರಿಯನ್ನು ವೇಷ ಕಟ್ಟುವ ಚೌಕಿ ಅಂದುಕೋ. ವೇಷಭೂಷಣವೆಲ್ಲ ಅಲ್ಲೇ ಹರವಿಕೊಂಡಿದ್ದರೆ ಕೈಗೆ ಬೇಕಾದ್ದು ತಕ್ಷಣ ಸಿಗುತ್ತದೆ. ಚೌಕಿ ಕಿರಿದಾಗಿ ಅರ್ಧ ಸಾಮಾನು ಹೊರಗಿನ ಲಾರಿಯಲ್ಲೇ ಉಳಿದರೆ, ಕಿರೀಟ ಬೇಕಾದಾಗ ಒಬ್ಬ ಓಡಬೇಕು, ಅಷ್ಟು ಹೊತ್ತು ರಂಗಸ್ಥಳ ಖಾಲಿ. ಮೆಮೊರಿ ಸಾಲದಾದಾಗ ಆಟ ಸರಾಗವಾಗಿ ಓಡುತ್ತಿದ್ದದ್ದು ಒಮ್ಮೆಲೇ ಗಕ್ಕನೆ ನಿಂತು ಮತ್ತೆ ಓಡುತ್ತದಲ್ಲ, ಅದು ಹೀಗೇ. ನಿನ್ನದು ಜಿಟಿಎಕ್ಸ್ 1660 ಸೂಪರ್, 2019ರ ಕಾರ್ಡು, 6 ಜಿಬಿ. 1080ಕ್ಕೆ ಇದು ಒಳ್ಳೆಯ ಕಾರ್ಡೇ, ಸಂಶಯವಿಲ್ಲ. ಆದರೆ ಈಚಿನ ದೊಡ್ಡ ಆಟಗಳನ್ನು ಫೋರ್‌ಕೆಯಲ್ಲಿ ಹೊಳಪೆಲ್ಲ ಏರಿಸಿ ಆಡುವುದಕ್ಕೆ ಆ ಚೌಕಿ ಕಿರಿದು.

ಈಗ ಪರೀಕ್ಷೆಗೆ ಬಾ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ತ್ರೀಡಿ ಸೆಟ್ಟಿಂಗ್ಸ್‌ನಲ್ಲಿ ಡಿಎಸ್‌ಆರ್ ಫ್ಯಾಕ್ಟರ್ಸ್ ಎಂಬಲ್ಲಿ 1.78 ಮತ್ತು 4.00 ಎರಡಕ್ಕೂ ಟಿಕ್ ಹಾಕು. ಆಮೇಲೆ ಆಟದೊಳಗಿನ ರೆಸಲ್ಯೂಷನ್ ಪಟ್ಟಿಯಲ್ಲಿ 2560×1440, 3840×2160 ಎಂದು ಹೊಸದಾಗಿ ಕಾಣಿಸುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿದರೆ ಕಾರ್ಡು ಅಷ್ಟೂ ಚುಕ್ಕಿಗೆ ಬಣ್ಣ ತುಂಬಿ, ಕೊನೆಗೆ ಅದನ್ನು ಕುಗ್ಗಿಸಿ ನಿನ್ನ ಹಳೆಯ ಪರದೆಗೆ ಕಳಿಸುತ್ತದೆ. ಚಿತ್ರ ಹೊಸ ಮಾನಿಟರಿನಷ್ಟು ಚೊಕ್ಕ ಕಾಣಿಸದು, ಆದರೆ ಕಾರ್ಡಿನ ಮೇಲೆ ಬೀಳುವ ಹೊರೆ ಹೆಚ್ಚುಕಮ್ಮಿ ಅಷ್ಟೇ. ಎಎಂಡಿ ಕಾರ್ಡ್ ಇದ್ದವರು ವರ್ಚುವಲ್ ಸೂಪರ್ ರೆಸಲ್ಯೂಷನ್ ಎಂಬುದನ್ನು ಹುಡುಕಿ.

ಎಲ್ಲಿ ನಿಂತು ಅಳೆಯುತ್ತೀ ಎನ್ನುವುದೂ ಮುಖ್ಯ. ಅಂದು ಊಟಕ್ಕೆ ಮೊದಲು ನಿನ್ನ ಕೋಣೆಯಲ್ಲಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಹಚ್ಚಿದ್ದೆಯಲ್ಲ, ಕುದುರೆ ಬಯಲಲ್ಲಿ ಓಡುವಾಗ ಮೂಲೆಯ ಫ್ರೇಮ್ ಅಂಕಿ, ಅಂದರೆ ಸೆಕೆಂಡಿಗೆ ಬರುವ ಚಿತ್ರ, 60ರ ಮೇಲೆಯೇ ಇತ್ತು. ಸೇಂಟ್ ಡೆನಿಸ್ ಪೇಟೆಯೊಳಗೆ ಹೊಕ್ಕ ಕೂಡಲೇ ದೀಪ, ಜನ, ಒದ್ದೆ ರಸ್ತೆಯ ಹೊಳಪು ಎಲ್ಲ ಸೇರಿ ಅದು ಇಳಿಯುತ್ತ ಬಂತು. ಬಯಲಿನ ಅಂಕಿ ನೋಡಿ ಮಾನಿಟರ್ ಕೊಂಡವನಿಗೆ ಪೇಟೆಯಲ್ಲಿ ಬೇಸರವಾಗುತ್ತದೆ. ಆದ್ದರಿಂದ ಅದೇ ಪೇಟೆಯ ಅದೇ ಬೀದಿಯಲ್ಲಿ, ಮೊದಲು 1080ರಲ್ಲಿ, ಆಮೇಲೆ 1440ರಲ್ಲಿ, ಕೊನೆಗೆ ಫೋರ್‌ಕೆಯಲ್ಲಿ ಹತ್ತು ಹತ್ತು ನಿಮಿಷ ಓಡಾಡು. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡರೆ ಫ್ರೇಮ್, ಕಾರ್ಡಿನ ಬಳಕೆ, ಮೆಮೊರಿ, ಬಿಸಿ ಎಲ್ಲ ಪರದೆಯ ಮೂಲೆಯಲ್ಲೇ ಬರುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದಿಡು. ಸರಾಸರಿಗಿಂತ ಅತಿ ಕೆಳಗೆ ಇಳಿದ ಅಂಕಿಯನ್ನು ಮರೆಯದೆ ಬರೆ, ಕಣ್ಣಿಗೆ ಕಿರಿಕಿರಿ ಮಾಡುವುದು ಅದೇ.

ಆ ಅಂಕಿಗಳಲ್ಲಿ ಮೊದಲು ನೋಡಬೇಕಾದ್ದು ಕಾರ್ಡಿನ ಬಳಕೆ. 1080ರಲ್ಲಿ ಆಡುವಾಗಲೇ ಅದು ಶೇಕಡಾ 98, 99ರಲ್ಲಿ ನಿಂತಿದ್ದರೆ ಕಾರ್ಡಿನಲ್ಲಿ ಮತ್ತೆ ಕೊಡುವ ಕಸುವಿಲ್ಲ. ಚುಕ್ಕಿ ಏರಿದಂತೆ ಫ್ರೇಮ್ ಇಳಿಯಲೇಬೇಕು. ಬದಲಿಗೆ ಬಳಕೆ ಶೇಕಡಾ 60, 65ರಲ್ಲೇ ಇದ್ದು, ಆಟದಲ್ಲಿ ಫ್ರೇಮಿಗೆ ನೀನು ಯಾವ ಕಟ್ಟೂ ಹಾಕಿಲ್ಲವೆಂದಾದರೆ, ಭಾಗವತರೇ ನಿಧಾನ, ವೇಷ ಕಾಯುತ್ತ ನಿಂತಿದೆ ಎಂದರ್ಥ. ಅಂಥ ಕಂಪ್ಯೂಟರಿಗೆ 1440ರ ಮಾನಿಟರ್ ಹಾಕಿದರೆ ಫ್ರೇಮ್ ಅಷ್ಟೇನೂ ಕುಗ್ಗದು. ‘ಕೌಂಟರ್-ಸ್ಟ್ರೈಕ್ 2’, ‘ವ್ಯಾಲರಂಟ್’ ಆಡುವಾಗ ಹೀಗಾಗುವುದುಂಟು. ಆದ್ದರಿಂದ ‘ಈ ಕಾರ್ಡ್ 1440 ಎಳೆಯುತ್ತದೆ, ಎಳೆಯುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡ. ಯಾವ ಆಟ ಎಂದು ಕೇಳದೆ ಆ ಮಾತು ಹೇಳಲಿಕ್ಕೆ ಬರುವುದಿಲ್ಲ.

ಎಷ್ಟು ಫ್ರೇಮ್ ಬಂದರೆ ಸಾಕು ಎನ್ನುವುದನ್ನು ನಿನ್ನ ಕಣ್ಣೇ ಹೇಳಬೇಕು. ಕತೆಯ ಆಟವನ್ನು 45ರಲ್ಲಿ ನೆಮ್ಮದಿಯಾಗಿ ಆಡುವವರಿದ್ದಾರೆ. ಗುರಿ ಹಿಡಿದು ಹೊಡೆಯುವ ಆಟದಲ್ಲಿ 100ಕ್ಕಿಂತ ಇಳಿದರೆ ನಿನಗೆ ತಡೆಯುವುದಿಲ್ಲ ಎಂದು ನನಗೆ ಗೊತ್ತು. 60 ಫ್ರೇಮಿನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಿಗುತ್ತದೆ, 144ರಲ್ಲಿ ಬರೀ 6.9.

ಮಾನಿಟರ್ ತಂದ ಮೇಲೆ ಆಗದಿದ್ದರೆ 1080ಕ್ಕೇ ಇಳಿಸಿ ಆಡುತ್ತೇನೆ ಅನ್ನಬಹುದು ನೀನು. 1440ರ ಪರದೆಯಲ್ಲಿ ಹಾಗೆ ಮಾಡಿದರೆ ಒಂದು ಚುಕ್ಕಿ ಒಂದೂ ಮುಕ್ಕಾಲಷ್ಟು ಚುಕ್ಕಿಗಳ ಮೇಲೆ ಹರಡಬೇಕಾಗುತ್ತದೆ, ಅಕ್ಷರಗಳ ಅಂಚೆಲ್ಲ ಮಸುಕು. ಅದಕ್ಕಿಂತ ಆಟದೊಳಗೆ ನೆರಳು, ನೀರಿನ ಹೊಳಪು ಇಳಿಸುವುದು ಮೇಲು. ಆಟದಲ್ಲಿ ಎಫ್‌ಎಸ್‌ಆರ್ ಇದ್ದರೆ ಅದನ್ನು ಹಾಕು. ಕಡಿಮೆ ಚುಕ್ಕಿಯಲ್ಲಿ ಚಿತ್ರ ಬರೆದು ಹಿಗ್ಗಿಸುವ ಉಪಾಯ ಅದು, ನಿನ್ನ ಕಾರ್ಡಿನಲ್ಲೂ ನಡೆಯುತ್ತದೆ. ಇಂಥದ್ದೇ ಉಪಾಯವಾದ ಡಿಎಲ್‌ಎಸ್‌ಎಸ್ ಮಾತ್ರ ಆರ್‌ಟಿಎಕ್ಸ್ ಕಾರ್ಡುಗಳಿಗೆ ಮೀಸಲು.

ಕೇಬಲ್ಲಿನ ಮಾತು ಹೇಳಲೇಬೇಕು, ಅದರಲ್ಲಿ ನಾನು ನೊಂದಿದ್ದೇನೆ. 2016ರಲ್ಲಿ ಎರಡು ವರ್ಷದ ಉಳಿತಾಯ ಹಾಕಿ ಫೋರ್‌ಕೆ ಮಾನಿಟರ್ ತಂದೆ. ಅಂಗಡಿಯವರು ಕಾರ್ಡ್ ಯಾವುದೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ತಂದು ಹಚ್ಚಿದರೆ ಮೌಸಿನ ಬಾಣ ಕೆಸರುಗದ್ದೆಯಲ್ಲಿ ಕಾಲು ಕಿತ್ತು ನಡೆದ ಹಾಗೆ ತಡವರಿಸುತ್ತಿತ್ತು. ಕಾರ್ಡಿನದು ಎಚ್‌ಡಿಎಂಐ 1.4, ಫೋರ್‌ಕೆಯಲ್ಲಿ ಅದು ಕೊಡುವುದು ಸೆಕೆಂಡಿಗೆ 30 ಚಿತ್ರ ಮಾತ್ರ. 60 ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು ಎಂದು ತಿಳಿದದ್ದು ಆಮೇಲೆ. ಮಾನಿಟರನ್ನು ಅರ್ಧ ಬೆಲೆಗೆ ಮಾರಿದೆ. ನಿನ್ನ ಕಾರ್ಡಿಗೆ ಆ ತೊಂದರೆಯಿಲ್ಲ. ಆದರೆ ಕೇಬಲ್ಲನ್ನು ಕಾರ್ಡಿನ ತೂತಿಗೇ ಚುಚ್ಚು, ಮದರ್‌ಬೋರ್ಡಿನದಕ್ಕಲ್ಲ. ಹಚ್ಚಿದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ ಮಾನಿಟರ್ 144 ಹರ್ಟ್ಸಿನದಾದರೆ 144 ಎಂದು ನೀನೇ ಆರಿಸು. 144ರ ಮಾನಿಟರ್ ತಂದು ವರ್ಷಗಟ್ಟಲೆ 60ರಲ್ಲೇ ಆಡಿದವರನ್ನು ನೋಡಿದ್ದೇನೆ.

ನಿನ್ನ ಕೋಣೆ ಹೆಂಚಿನ ಅಡಿಯದು. ಏಪ್ರಿಲ್, ಮೇಯಲ್ಲಿ ಮಧ್ಯಾಹ್ನ ಅಲ್ಲಿ ಕೂರಲಿಕ್ಕೇ ಆಗುವುದಿಲ್ಲ. ಹೊರೆ ಏರಿದಂತೆ ಕಾರ್ಡ್ ತುಂಬು ಕಸುವಿನಲ್ಲಿ ಗಂಟೆಗಟ್ಟಲೆ ದುಡಿಯುತ್ತದೆ, ಬಿಸಿಯೂ ಏರುತ್ತದೆ. ಪರೀಕ್ಷೆಗೆ ಮೊದಲು ಪೆಟ್ಟಿಗೆಯ ಬದಿ ಬಿಚ್ಚಿ ಫ್ಯಾನಿನ ಧೂಳು ತೆಗೆ, ಇಲ್ಲದಿದ್ದರೆ ನೀನು ಅಳೆಯುವುದು ಧೂಳನ್ನೇ. ಸಿಡಿಲಿನ ಹೊತ್ತಿಗೆ ಪ್ಲಗ್ಗನ್ನೂ ರೌಟರಿನಿಂದ ಬರುವ ಲ್ಯಾನ್ ವೈರನ್ನೂ ಕಿತ್ತಿಡುವುದನ್ನು ಬಿಡಬೇಡ.

ನನ್ನ ಅಭಿಪ್ರಾಯ ಕೇಳುತ್ತೀಯಾದರೆ, ಫೋರ್‌ಕೆ ಬೇಡ. ಈ ಕಾರ್ಡಿನ ಮೇಲೆ ಅದು ಅನ್ಯಾಯದ ಹೊರೆ. ಅದನ್ನು ಎಳೆಯುವ ಕಾರ್ಡ್ ತರಲು ಹೊರಟರೆ ಎಸ್‌ಎಂಪಿಎಸ್‌ನಿಂದ ಹಿಡಿದು ಒಂದೊಂದನ್ನೇ ಬದಲಿಸುತ್ತ ಹೋಗಬೇಕು. 27 ಇಂಚಿನ 1440 ಆಗಬಹುದು ಎಂದೇ ನನಗೆ ಅನ್ನಿಸುತ್ತದೆ, ಸೇಂಟ್ ಡೆನಿಸಿನಲ್ಲಿ ನಿನಗೆ ಸಿಗುವ ಅಂಕಿ ನಿನ್ನ ಕಣ್ಣಿಗೆ ಒಪ್ಪಿದರೆ. ಆ ಗಾತ್ರದಲ್ಲಿ ಇಂಚಿಗೆ ಸುಮಾರು 109 ಚುಕ್ಕಿ ಕೂಡುತ್ತವೆ, ನಿನ್ನ 24 ಇಂಚಿನದರಲ್ಲಿ ಇರುವುದು 92. ಆಟವಿಲ್ಲದ ಹೊತ್ತಿನಲ್ಲಿ ಕೋಡ್ ಒಂದು ಕಡೆ, ಪಾಠ ಒಂದು ಕಡೆ ಇಟ್ಟುಕೊಂಡು ಓದಲಿಕ್ಕೂ ಜಾಗ ಸಿಗುತ್ತದೆ. ಇದನ್ನು ಅಪ್ಪಯ್ಯನಿಗೆ ನೀನೇ ಹೇಳು. ಬರೆದ ಅಂಕಿಗಳನ್ನೂ ಅವರ ಮುಂದಿಡು. ಪಂಪಿಗೆ ಎಷ್ಟು ಎಚ್‌ಪಿ ಬೇಕೆಂದು ಬಾವಿಯ ಆಳ, ಪೈಪಿನ ಉದ್ದ ನೋಡಿ ಲೆಕ್ಕ ಹಾಕುವ ಮನುಷ್ಯ ಅವರು, ಅಳೆದು ತಂದ ಮಾತನ್ನು ಕೇಳುತ್ತಾರೆ.

ನಾನು ಬರುವ ಭಾನುವಾರ ಬೆಳಗಿನ ಬಸ್ಸಿಗೇ ಬರುತ್ತೇನೆ, ಡಿಸ್‌ಪ್ಲೇಪೋರ್ಟ್ ಕೇಬಲ್ ಒಂದು ನನ್ನಲ್ಲಿದೆ, ತರುತ್ತೇನೆ. ಅಷ್ಟರೊಳಗೆ ಮೂರೂ ರೆಸಲ್ಯೂಷನ್ನಿನ ಅಂಕಿ ಬರೆದಿಡು. ಅಬ್ಬಿಗೆ ಹೇಳು, ಊಟಕ್ಕೆ ನಾನಿದ್ದೇನೆ ಎಂದು.

ನಿನ್ನ,
ಮಾವ